ಮೇವು ಕತ್ತರಿಸುವ ಯಂತ್ರದ ಮೋಟಾರು ಅತಿಯಾಗಿ ಬಿಸಿಯಾಗುವಿಕೆ

ಮೇವು ಕತ್ತರಿಸುವ ಯಂತ್ರದ ಮೋಟಾರು ಅತಿಯಾಗಿ ಬಿಸಿಯಾಗುವಿಕೆ ಎಂಬುದು ಹೈನುಗಾರಿಕೆಯಲ್ಲಿ ಬಳಸುವ ವಿದ್ಯುತ್ ಚಾಲಿತ ಚಾಫ್ ಕಟರ್‌ಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷವಾಗಿದೆ. ಮೋಟಾರಿನೊಳಗಿನ ತಾಮ್ರದ ಸುರುಳಿಯನ್ನು, ಅಂದರೆ ವೈಂಡಿಂಗನ್ನು, ಸುತ್ತುವರಿದ ನಿರೋಧಕ ಪದರವು ತಾಳಬಲ್ಲ ಮಿತಿಗಿಂತ ಹೆಚ್ಚು ಕಾವೇರಿದಾಗ ಆ ಪದರ ಕ್ರಮೇಣ ಶಿಥಿಲಗೊಂಡು ಮೋಟಾರು ಸುಟ್ಟುಹೋಗುತ್ತದೆ. ಬಿಸಿಯು ಸ್ವತಃ ರೋಗವಲ್ಲ, ರೋಗದ ಲಕ್ಷಣ. ಮೂಲ ಕಾರಣವು ಅನೇಕ ವೇಳೆ ಮೋಟಾರಿನ ಹೊರಗೆ, ಅಂದರೆ ಬ್ಲೇಡು, ಬೆಲ್ಟು, ತಂತಿ ಅಥವಾ ವೋಲ್ಟೇಜಿನಲ್ಲಿ ಇರುತ್ತದೆ. ಅದನ್ನು ಸರಿಪಡಿಸದೆ ವೈಂಡಿಂಗ್ ಮಾತ್ರ ಹೊಸದಾಗಿ ಕಟ್ಟಿಸಿದರೆ ಮೋಟಾರು ಪುನಃ ಸುಡುವ ಸಂಭವವಿದೆ.

ಹಾಸನ ಜಿಲ್ಲೆಯಲ್ಲಿ ಬಳಕೆ

ಹಾಸನ ಜಿಲ್ಲೆಯಲ್ಲಿ ಕೃಷಿಯೊಂದಿಗೆ ಹೈನುಗಾರಿಕೆಯೂ ಮುಖ್ಯ ಜೀವನಾಧಾರವಾಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಮುಸುಕಿನ ಜೋಳದ ಹಸಿ ದಂಟು, ಸೀಮೆಹುಲ್ಲು ಮತ್ತು ಒಣ ರಾಗಿ ಹುಲ್ಲನ್ನು ಮೇವಾಗಿ ಬಳಸುತ್ತಾರೆ. ಜಿಲ್ಲೆಯ ವಿದ್ಯುತ್ ವಿತರಣೆಯು ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಸೇರಿದೆ. ಮನೆಬಳಕೆಯ ಚಾಫ್ ಕಟರ್‌ಗಳು ಹೆಚ್ಚಾಗಿ ಸಿಂಗಲ್ ಫೇಸ್ ಮೋಟಾರಿನಿಂದ ನಡೆಯುತ್ತವೆ. 2 ಅಶ್ವಶಕ್ತಿಯ ಮೋಟಾರಿನ ಸಾಮರ್ಥ್ಯ ಸುಮಾರು 1.5 ಕಿಲೋವ್ಯಾಟ್.

ಬಿಸಿಯಾಗುವ ತತ್ತ್ವ

ಸುರುಳಿಯಲ್ಲಿ ಉಂಟಾಗುವ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ಶೇ. 20ರಷ್ಟು ಹೆಚ್ಚಿದರೆ ಶಾಖ ಶೇ. 44ರಷ್ಟು ಹೆಚ್ಚುತ್ತದೆ. ನಿರೋಧಕ ಪದರದ ಮಿತಿಯು ‘ಬಿ’ ದರ್ಜೆಯಲ್ಲಿ 130 ಡಿಗ್ರಿ ಸೆಲ್ಸಿಯಸ್, ‘ಎಫ್’ ದರ್ಜೆಯಲ್ಲಿ 155 ಡಿಗ್ರಿ. ಮಿತಿಯ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಪದರದ ಆಯುಷ್ಯ ಸರಿಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ಲೆಕ್ಕ.

ಹೊರಮೈಯನ್ನು ಕೈಯಿಂದ ಮುಟ್ಟಿ ದೋಷವನ್ನು ನಿರ್ಧರಿಸಲಾಗದು. ಸುಸ್ಥಿತಿಯ ಮೋಟಾರಿನ ಹೊರಮೈಯೂ ಕೈಯಿಡಲಾಗದಷ್ಟು ಬಿಸಿಯಾಗಬಹುದು. ಸುಟ್ಟ ವಾರ್ನಿಷಿನ ವಾಸನೆ, ಹೊಗೆ, ವೇಗ ಕುಗ್ಗುವುದು ಮತ್ತು ರಕ್ಷಣಾ ಸ್ವಿಚ್ಚು ಪದೇ ಪದೇ ಬೀಳುವುದು ಹೆಚ್ಚು ನಂಬಲರ್ಹ ಸೂಚನೆಗಳು.

ಕಾರಣಗಳು

* ಬ್ಲೇಡಿನ ಸ್ಥಿತಿ: ಮೊಂಡಾದ ಬ್ಲೇಡು ಮೇವನ್ನು ಕತ್ತರಿಸುವ ಬದಲು ಜಗ್ಗಿ ಹರಿಯುತ್ತದೆ. ಚಲಿಸುವ ಬ್ಲೇಡಿಗೂ ಸ್ಥಿರ ಅಲಗಿಗೂ ನಡುವಿನ ಅಂತರ ಹೆಚ್ಚಿದರೆ ನಾರು ಅಲ್ಲಿ ಮಡಚಿ ಸಿಲುಕುತ್ತದೆ. ಎರಡರಲ್ಲೂ ಮೋಟಾರಿನ ಮೇಲಿನ ಹೊರೆ ಏರುತ್ತದೆ.
* ಮೇವು ತುಂಬುವ ರೀತಿ: ದಪ್ಪ ಕಂತೆಯನ್ನು ಒಮ್ಮೆಗೇ ತಳ್ಳಿದರೆ ಚಕ್ರದ ವೇಗ ಕುಸಿದು ಪ್ರವಾಹ ಹೆಚ್ಚುತ್ತದೆ. ಉದ್ದನೆಯ ಹುಲ್ಲು ರೋಲರಿಗೆ ಸುತ್ತಿಕೊಂಡರೂ ಇದೇ ಪರಿಣಾಮ.
* ಬೆಲ್ಟು ಮತ್ತು ಪುಲ್ಲಿ: ಅತಿ ಬಿಗಿಯಾದ ಬೆಲ್ಟು ಬೇರಿಂಗನ್ನು ಹಾಳುಮಾಡುತ್ತದೆ. ಮೋಟಾರಿಗೆ ನಿಗದಿಗಿಂತ ದೊಡ್ಡ ಪುಲ್ಲಿ ಹಾಕಿದರೆ ಚಕ್ರ ವೇಗವಾಗಿ ತಿರುಗಿ ಹೊರೆ ಹೆಚ್ಚುತ್ತದೆ.
* ಕಡಿಮೆ ವೋಲ್ಟೇಜು: 230 ವೋಲ್ಟಿನ ಮೋಟಾರಿಗೆ ಶೇ. 10ರ ಏರಿಳಿತದ ಲೆಕ್ಕದಲ್ಲಿ 207ರಿಂದ 253 ವೋಲ್ಟ್ ಸ್ವೀಕಾರಾರ್ಹ. ಅದಕ್ಕಿಂತ ಇಳಿದರೆ ಅದೇ ಹೊರೆಗೆ ಮೋಟಾರು ಹೆಚ್ಚು ಪ್ರವಾಹ ಎಳೆಯುತ್ತದೆ.
* ತೆಳುವಾದ ತಂತಿ: ಮನೆಯಿಂದ ಕೊಟ್ಟಿಗೆಗೆ 30 ಮೀಟರ್ ದೂರ 1 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದ್ದರೆ, 12 ಆಂಪಿಯರ್ ಪ್ರವಾಹಕ್ಕೆ ಸುಮಾರು 13 ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ. 2.5 ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟ ಸುಮಾರು 5 ವೋಲ್ಟ್ ಮಾತ್ರ. ಮೋಟಾರು ಶುರುವಾಗುವ ಗಳಿಗೆಯಲ್ಲಿ ಪ್ರವಾಹ ಹಲವು ಪಟ್ಟು ಏರುವುದರಿಂದ ಈ ವ್ಯತ್ಯಾಸ ಇನ್ನಷ್ಟು ದೊಡ್ಡದಾಗುತ್ತದೆ.
* ಕೆಪಾಸಿಟರ್ ಮತ್ತು ಸೆಂಟ್ರಿಫ್ಯೂಗಲ್ ಸ್ವಿಚ್ಚು: ಕೆಪಾಸಿಟರ್ ಕೆಟ್ಟಾಗ ಮೋಟಾರು ತಿರುಗದೆ ಗುಂಯ್‌ಗುಡುತ್ತದೆ. ವೇಗ ಬಂದ ಮೇಲೆ ಆರಂಭಿಕ ಸುರುಳಿಯನ್ನು ಬೇರ್ಪಡಿಸಬೇಕಾದ ಸ್ವಿಚ್ಚು ಅಂಟಿಕೊಂಡರೆ ಆ ಸುರುಳಿ ಬೇಗನೆ ಸುಡುತ್ತದೆ.
* ಗಾಳಿ ಮತ್ತು ತೇವ: ಹೊಟ್ಟು, ಧೂಳು ಫ್ಯಾನಿನ ಮುಚ್ಚಳದಲ್ಲಿ ಕಟ್ಟಿಕೊಂಡರೆ ಗಾಳಿಯಾಡದೆ ಶಾಖ ಒಳಗೇ ಉಳಿಯುತ್ತದೆ. ಕೊಟ್ಟಿಗೆಯ ತೇವವು ನಿರೋಧಕ ಪದರವನ್ನು ದುರ್ಬಲಗೊಳಿಸುತ್ತದೆ.

ದೋಷ ಪತ್ತೆಯ ಕ್ರಮ

1. ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕಿತ್ತು, ಚಕ್ರ ಪೂರ್ಣ ನಿಂತ ಬಳಿಕ ಫ್ಯಾನಿನ ಮುಚ್ಚಳ ಮತ್ತು ರೋಲರನ್ನು ಶುಚಿಗೊಳಿಸಬೇಕು. ಬ್ಲೇಡಿನ ಮೊನೆ ಮತ್ತು ಅಂತರವನ್ನು ಪರಿಶೀಲಿಸಬೇಕು.
2. ಬೆಲ್ಟನ್ನು ಕಳಚಿ ಮೋಟಾರನ್ನು ಮಾತ್ರ ಓಡಿಸಬೇಕು. ಆಗ ತಣ್ಣಗಿದ್ದರೆ ದೋಷ ಬ್ಲೇಡು, ಬೆಲ್ಟು, ಮೇವಿನ ಹೊರೆ ಅಥವಾ ಹೊರೆಯಿದ್ದಾಗ ಕುಸಿಯುವ ವೋಲ್ಟೇಜಿನಲ್ಲಿದೆ. ಆಗಲೂ ಕಾಯ್ದರೆ ಕೆಪಾಸಿಟರ್, ಸ್ವಿಚ್ಚು, ಬೇರಿಂಗ್ ಅಥವಾ ವೈಂಡಿಂಗನ್ನು ಶಂಕಿಸಬೇಕು.
3. ಯಂತ್ರ ಮೇವು ಕತ್ತರಿಸುತ್ತಿರುವಾಗಲೇ ಮೋಟಾರಿನ ಬಳಿಯ ವೋಲ್ಟೇಜನ್ನೂ, ಕ್ಲ್ಯಾಂಪ್ ಮೀಟರಿನಿಂದ ಪ್ರವಾಹವನ್ನೂ ಅಳೆದು ನಾಮಫಲಕದ ಅಂಕಿಯೊಂದಿಗೆ ಹೋಲಿಸಬೇಕು. ಯಂತ್ರ ನಿಂತಿರುವಾಗಿನ ವೋಲ್ಟೇಜು ತಪ್ಪು ಭರವಸೆ ನೀಡಬಹುದು.
4. ನಿರೋಧಕ ಪದರವನ್ನು ಮೆಗ್ಗರ್‌ನಿಂದ ಪರೀಕ್ಷಿಸಬೇಕು. 1 ಮೆಗಾ ಓಮ್‌ಗಿಂತ ಕಡಿಮೆಯಿದ್ದರೆ ಮೋಟಾರನ್ನು ಬಳಸಬಾರದು.

ಕೊನೆಯ ಮೂರು ಪರೀಕ್ಷೆಗಳನ್ನು ನುರಿತ ಎಲೆಕ್ಟ್ರಿಷಿಯನ್ನರೇ ಮಾಡುವುದು ಸೂಕ್ತ. ವಿದ್ಯುತ್ ಕಡಿದ ಮೇಲೂ ಕೆಪಾಸಿಟರಿನಲ್ಲಿ ಆವೇಶ ಉಳಿದಿರಬಹುದು.

ಸುರಕ್ಷತೆ

ಸಿಲುಕಿದ ಯಂತ್ರವನ್ನು ಕೈಯಿಂದ ತಿರುಗಿಸಿ ಶುರುಮಾಡುವ ರೂಢಿ ಅತ್ಯಂತ ಅಪಾಯಕಾರಿ. ಬೆರಳು ಅಥವಾ ಕೈಯನ್ನೇ ಕಳೆದುಕೊಳ್ಳುವ ಸಂಭವವಿದೆ. ಭಾರವಾದ ಚಕ್ರವು ವಿದ್ಯುತ್ ನಿಂತ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಬಿಸಿಯಿಂದ ತಾನಾಗಿ ನಿಂತು, ತಣಿದ ಮೇಲೆ ತಾನಾಗಿಯೇ ಪುನಃ ಆರಂಭವಾಗುವ ರಕ್ಷಣಾ ಸ್ವಿಚ್ಚು ಕೆಲವು ಮೋಟಾರುಗಳಲ್ಲಿದೆ. ಆದ್ದರಿಂದ ನಿಂತ ಯಂತ್ರಕ್ಕೆ ಕೈಹಾಕುವ ಮುನ್ನ ಪ್ಲಗ್ಗನ್ನು ಕೀಳುವುದು ಕಡ್ಡಾಯ. ಪದೇ ಪದೇ ಬೀಳುವ ರಕ್ಷಣಾ ಸ್ವಿಚ್ಚನ್ನು ತಪ್ಪಿಸಿ ನೇರ ಸಂಪರ್ಕ ಕೊಟ್ಟರೆ ಮೋಟಾರು ಸುಡುವುದಲ್ಲದೆ, ಒಣ ಹುಲ್ಲಿರುವ ಕೊಟ್ಟಿಗೆಗೆ ಬೆಂಕಿಯೂ ತಗುಲಬಹುದು. ಯಂತ್ರದ ಲೋಹದ ಚೌಕಟ್ಟಿಗೆ ಅರ್ಥಿಂಗ್ ಇರಬೇಕು.

ಇತರ ಯಂತ್ರಗಳು

ಉದ್ಯಾನಗಳ ಹುಲ್ಲುಹಾಸು ಕತ್ತರಿಸುವ ವಿದ್ಯುತ್ ಯಂತ್ರಗಳಿಗೂ ಇದೇ ತತ್ತ್ವಗಳು ಅನ್ವಯಿಸುತ್ತವೆ. ಅಲ್ಲಿಯೂ ಮೊಂಡು ಬ್ಲೇಡು, ಎತ್ತರ ಬೆಳೆದ ಒದ್ದೆ ಹುಲ್ಲು, ಮುಚ್ಚಿದ ಗಾಳಿಕಿಂಡಿ ಮತ್ತು ತೆಳುವಾದ ಉದ್ದ ತಂತಿಯೇ ಮೋಟಾರು ಕಾಯುವುದಕ್ಕೆ ಪ್ರಮುಖ ಕಾರಣಗಳಾಗಿವೆ.