ನೆಲುವಿನ ಮೇಲಿನ ಬೆಣ್ಣೆ

ಕಳೆದ ಭಾನುವಾರ ಗೆಳೆಯನಿಗಾಗಿ ಅವನ ಚರ್ಚಿನ ಹೊರಗೆ ಕಾಯುತ್ತ ಕೂತಿದ್ದೆ. ಪಕ್ಕದ ಕೋಣೆಯಲ್ಲಿ ಸಂಡೇ ಸ್ಕೂಲು. “ಪರಿಶುದ್ಧ ಅಂದ್ರೆ ಏನ್ ಮಕ್ಳೇ?” ಎಂದರು ಟೀಚರು. “ಫಿಲ್ಟರ್ ನೀರು, ಮಿಸ್!” ಎಂದಿತು ಒಂದು ಪುಟ್ಟ ಗಂಟಲು. ಎಲ್ಲರೂ ನಕ್ಕರು. ನನಗೇನೋ ಹುಡುಗ ತಪ್ಪು ಹೇಳಿದ ಅನ್ನಿಸಲಿಲ್ಲ. 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನು ತುಂಬಿಸಿಕೊಂಡು ಬರುವವನು ಅವನೇ ಇರಬೇಕು. ‘ಶುದ್ಧ’ ಎಂಬುದನ್ನು ಓದಿದ್ದೂ ನೀರಿನ ಘಟಕದ ಬೋರ್ಡಿನ ಮೇಲೆಯೇ.

ನನ್ನ ತಕರಾರು ಪದದ ಮೇಲೆ. ಬೈಬಲಿನ ಹೀಬ್ರೂ ಪದ ‘ಕಾದೋಶ್’ಗೆ ನಾವು ಪರಿಶುದ್ಧ ಎಂದೆವು. ಹಾಗೆಂದ ಕೂಡಲೇ ಮನಸ್ಸು ಕೊಳೆ ಎಲ್ಲಿದೆ, ಸೋಪು ಎಲ್ಲಿದೆ ಎಂದು ಹುಡುಕುತ್ತದೆ. ಆದರೆ ನೀನು ನಿಂತ ನೆಲ ಪರಿಶುದ್ಧ, ಕೆರ ಬಿಚ್ಚು ಎಂದು ಮೋಶೆಗೆ ಅಪ್ಪಣೆಯಾದದ್ದು ಮಾವನ ಕುರಿ ಹೊಡೆದುಕೊಂಡು ಹೋಗಿದ್ದ ಹೋರೇಬ್ ಬೆಟ್ಟದಲ್ಲಿ. ಕುರಿ ಹೋದ ಕಡೆ ಹಿಕ್ಕೆ ಇಲ್ಲದಿರುತ್ತದೆಯೇ? ಆದಿಕಾಂಡದಲ್ಲಿ ಮೊಟ್ಟಮೊದಲು ಪರಿಶುದ್ಧವಾದದ್ದು ಏಳನೆಯ ದಿನ. ದಿನವನ್ನು ಯಾರು ತೊಳೆದಾರು?

‘ಕಾದೋಶ್’ಗೆ ಒಪ್ಪುವ ಮಾತು ನಮ್ಮಜ್ಜಿಯ ಬಾಯಲ್ಲಿತ್ತು: ಮೀಸಲು. ಎಮ್ಮೆ ಕರು ಹಾಕಿ, ಗಿಣ್ಣಿನ ದಿನ ಕಳೆದ ಮೇಲೆ ಮೊದಲು ಕಡೆದ ಬೆಣ್ಣೆ ಮನೆದೇವರಿಗೆ. ಅದನ್ನು ಮಣ್ಣಿನ ಕುಡಿಕೆಯಲ್ಲಿಟ್ಟು ಸೂರಿಗೆ ತೂಗುಹಾಕಿದ ನೆಲುವಿಗೆ ಏರಿಸುತ್ತಿದ್ದಳು. ಒಮ್ಮೆ ನಾನು ಒರಳು ಹತ್ತಿ ನಿಂತು ಬೆರಳು ಅದ್ದಿಯೇಬಿಟ್ಟೆ. ಎಮ್ಮೆ ಅದೇ, ಕಡೆಗೋಲು ಅದೇ, ರುಚಿಯೂ ದಿನದ್ದೇ. ಒಲೆಯ ಹೊಗೆ ಒಂದಿಷ್ಟು ಜಾಸ್ತಿ ಹತ್ತಿತ್ತು. ಅಜ್ಜಿ ಹೊಡೆಯಲಿಲ್ಲ. “ಅದು ನಮ್ದಲ್ಲ ಕಣೋ” ಎಂದಳು, ಅಷ್ಟೇ. ಆಮೇಲೆ ಕುಡಿಕೆ ಇಳಿಸಿ ಅಷ್ಟನ್ನೂ ರೊಟ್ಟಿಗೆ ಹಚ್ಚಿ ನಮಗೇ ಕೊಟ್ಟಳು. ಮಾರನೆಯ ದಿನದಿಂದ ದೇವರಿಗೆ ಹೊಸದಾಗಿ ಕೂಡಿಸತೊಡಗಿದಳು. ಬೆಣ್ಣೆ ಕೆಟ್ಟಿರಲಿಲ್ಲ, ಮೀಸಲು ಮುರಿದಿತ್ತು.

ಅನುವಾದಕರಿಗೆ ಈ ಪದ ಯಾಕೆ ಸಿಗಲಿಲ್ಲ ಎಂಬುದಕ್ಕೆ ನನ್ನದೊಂದು ಸಿದ್ಧಾಂತವಿದೆ, ಪುರಾವೆ ಕೇಳಬೇಡಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೂತರು. ಇಡೀ ಬೈಬಲು ಕನ್ನಡದಲ್ಲಿ ಬಂದದ್ದು 1831ರಲ್ಲಿ. ಆ ಕಾಲದ ದೊರೆಗಳಿಗೆ ನಮ್ಮ ಮನೆಗಳಲ್ಲಿ ಪಡಸಾಲೆಯವರೆಗೆ ಮಾತ್ರ ಪ್ರವೇಶವಿದ್ದೀತು. ಪಡಸಾಲೆಯಲ್ಲಿ ಸಿಗುವವರು ಪಂಡಿತರು, ಸಿಗುವುದು ಸಂಸ್ಕೃತ. ಮೀಸಲು ಒಳಮನೆಯ ನೆಲುವಿನ ಮೇಲಿತ್ತು! ಕನ್ನಡ ಬೈಬಲಿಗೆ ಮೀಸಲು ಗೊತ್ತೇ ಇಲ್ಲವೆಂದಲ್ಲ, ಆದರೆ ಗದ್ದುಗೆ ಸಿಕ್ಕಿದ್ದು ಪರಿಶುದ್ಧಕ್ಕೆ.

ದೇವರು ಕಾಪಾಡುವ ಬಗೆಯ, ಅಂದರೆ ರಕ್ಷಣೆಯ, ಗೊಂದಲವೂ ಈ ಪದದಿಂದಲೇ ಹುಟ್ಟಿತೇನೋ. ಮೊದಲು ಚೊಕ್ಕಟವಾಗಿ ಬಾ, ಆಮೇಲೆ ಕಾಪಾಡುತ್ತೇನೆ ಎಂಬುದು ಬೈಬಲಿನ ಕ್ರಮವಲ್ಲ. ಯಾಜಕಕಾಂಡದ 11ನೇ ಅಧ್ಯಾಯದಲ್ಲಿ ದೇವರು ಐಗುಪ್ತದಿಂದ ಬಿಡಿಸಿ ತಂದದ್ದನ್ನು ಮೊದಲು ನೆನಪಿಸುತ್ತಾನೆ, ಅದರ ಬೆನ್ನಿಗೇ ಪರಿಶುದ್ಧರಾಗಿರಿ ಎನ್ನುತ್ತಾನೆ. ಬಿಡುಗಡೆ ಆಗಿಹೋಗಿದೆ, ಈಗ ನೀವು ನನ್ನವರು, ನನ್ನವರಂತೆ ಬಾಳಿ ಎಂದ ಹಾಗೆ. ಅದೇ ಅಧ್ಯಾಯದಲ್ಲಿ ತಿನ್ನುವ, ತಿನ್ನಬಾರದ ಪ್ರಾಣಿಗಳ ಪಟ್ಟಿಯೂ ಇದೆಯಲ್ಲ ಎಂದು ಬಲ್ಲವರು ಕೊಂಕು ತೆಗೆದಾರು. ಇದೆ. ಆದರೆ ಆ ಶುದ್ಧಕ್ಕೆ ಹೀಬ್ರೂವಿನಲ್ಲಿ ‘ತಾಹೋರ್’ ಎಂಬ ಬೇರೆ ಪದವೇ ಉಂಟು. ಎರಡನ್ನೂ ಒಂದೇ ಕೊಡಕ್ಕೆ ಸುರಿದವರು ನಾವು.

ಅಪೊಸ್ತಲ ಪೌಲನನ್ನು ನೋಡಿ. ಕೊರಿಂಥದ ಸಭೆಯವರು ಗುಂಪು ಕಟ್ಟಿಕೊಂಡು ಜಗಳವಾಡುವವರು, ಪ್ರಭುಭೋಜನದಲ್ಲೇ ಕುಡಿದು ಅಮಲೇರುವವರು. ಅಂಥವರಿಗೆ ಬರೆದ ಪತ್ರದ ಎರಡನೇ ವಚನದಲ್ಲೇ ಆತ ಅವರನ್ನು ಪರಿಶುದ್ಧರ ಸಾಲಿಗೆ ಸೇರಿಸುತ್ತಾನೆ. ಫಿಲ್ಟರ್ ನೀರಿನ ಲೆಕ್ಕದಲ್ಲಿ ಇದು ಶುದ್ಧ ಸುಳ್ಳು, ಅಜ್ಜಿಯ ಲೆಕ್ಕದಲ್ಲಿ ಸರಿ. ಮೀಸಲಾದವರನ್ನು ಬೈಯುವುದೂ ಅದಕ್ಕೇ, ನೀವು ಯಾರವರು ಎಂಬುದು ಮರೆತುಹೋಯಿತೇ ಎಂದು.

ಈಗಿನವರ ಬಾಯಲ್ಲಿ ಮೀಸಲು ಎಲ್ಲಿದೆ? ಸೀಟು ‘ರಿಸರ್ವ್’ ಮಾಡುತ್ತಾರೆ, ಟೇಬಲ್ಲು ‘ಬುಕ್’ ಮಾಡುತ್ತಾರೆ. ಪದ ಹೋಗಿ ಸೇರಿದ್ದು ಅರಣ್ಯ ಇಲಾಖೆ, ಪೊಲೀಸ್ ಪಡೆ ಮತ್ತು ಸರ್ಕಾರಿ ಬಸ್ಸನ್ನು. ‘ಮಹಿಳೆಯರಿಗೆ ಮೀಸಲು’ ಎಂದು ಬರೆದ ಸೀಟು ಹಿಂದಿನ ಸೀಟಿಗಿಂತ ಚೊಕ್ಕಟವೇನಲ್ಲ, ಸ್ಪಂಜು ಕಿತ್ತಿರುವುದೂ ಉಂಟು. ಆದರೂ ಹೆಣ್ಣುಮಗಳೊಬ್ಬಳು ಬಂದು ನಿಂತರೆ ಕೂತ ಗಂಡಸು ಗೊಣಗುತ್ತಲಾದರೂ ಏಳುತ್ತಾನೆ. ಸಂಡೇ ಸ್ಕೂಲಿನ ಟೀಚರು ಮುಂದಿನ ವಾರ ಆ ಸೀಟನ್ನೇ ತೋರಿಸಬಹುದು.

ಬೈಬಲಿನಲ್ಲಿ ಪ್ರವಾದಿ ಜೆಕರ್ಯನ ಪುಸ್ತಕ ಮುಗಿಯುವ ಹೊತ್ತಿಗೆ ಕುದುರೆಗಳ ಗಂಟೆಗಳೂ, ಯೆರೂಸಲೇಮಿನ ಮನೆಮನೆಯ ಅಡುಗೆಯ ಗಡಿಗೆಗಳೂ ದೇವರಿಗೆ ಮೀಸಲಾಗುತ್ತವೆ. ನಿಮ್ಮ ಮನೆಯ ನೆಲುವಿನ ಮೇಲೆ ಏನಿರುತ್ತಿತ್ತು? ಅಜ್ಜಿಯರನ್ನು ಕೇಳಿ ಬರೆದು ತಿಳಿಸಿ.