ಕೊರೋನಾ ಕಾಲದ ಮಕ್ಕಾ: ತಡೆಯೂ ಆರೈಕೆಯೂ

ಸಾಂಕ್ರಾಮಿಕ ಹಬ್ಬಿದ ಊರಿಗೆ ಹೋಗಬಾರದು, ಅಲ್ಲಿರುವವರು ಅಲ್ಲಿಂದ ಓಡಿಹೋಗಬಾರದು ಎಂಬುದು ಪ್ರವಾದಿ(ಸ)ರ ಬೋಧನೆ. ಸಿರಿಯಾದತ್ತ ಹೊರಟಿದ್ದ ಖಲೀಫಾ ಉಮರ್(ರ) ಪ್ಲೇಗಿನ ಸುದ್ದಿ ತಿಳಿದು ಸರ್ಗ್ ಎಂಬಲ್ಲಿಂದಲೇ ಮದೀನಾಕ್ಕೆ ಮರಳಿದ್ದರು. 2020ರಲ್ಲಿ ಮಕ್ಕಾ ನಗರವೇ ಈ ಬೋಧನೆಯಂತೆ ನಡೆಯಬೇಕಾಯಿತು.

ಫೆಬ್ರವರಿ 27ರಂದು ವಿದೇಶಿಯರ ಉಮ್ರಾ ನಿಂತಿತು. ಮಾರ್ಚ್ 4ರಂದು ಸ್ಥಳೀಯರದ್ದೂ ನಿಂತಿತು. ಏಪ್ರಿಲ್ 2ರಿಂದ ಮಕ್ಕಾ, ಮದೀನಾಗಳಲ್ಲಿ ದಿನದ 24 ಗಂಟೆಯೂ ಕರ್ಫ್ಯೂ. ದಿನಸಿಯಂಥ ಅಗತ್ಯಗಳಿಗೆ ಬೆಳಗ್ಗೆ 6ರಿಂದ ಮಧ್ಯಾಹ್ನ 3ರವರೆಗೆ, ಅದೂ ತಮ್ಮ ಬಡಾವಣೆಯೊಳಗೆ ಮಾತ್ರ ಹೊರಬರಬಹುದಿತ್ತು.

ತಡೆಯ ಈ ಕತೆ ನಮಗೆಲ್ಲ ನೆನಪಿದೆ. ಆರೈಕೆಯ ಕತೆಯನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಮಾರ್ಚ್ 30ರಂದು ಸೌದಿ ದೊರೆ ಸಲ್ಮಾನ್ ಕೊರೋನಾ ಚಿಕಿತ್ಸೆ ಎಲ್ಲರಿಗೂ ಉಚಿತವೆಂದು ಆದೇಶಿಸಿದರು. ವಾಸದ ಪರವಾನಗಿ ಇಲ್ಲದ ವಲಸಿಗರೂ ಅದರಲ್ಲಿ ಸೇರಿದ್ದರು. ಕಾರಣ ಸರಳ: ಸಿಕ್ಕಿಬೀಳುವ ಭಯದಿಂದ ಒಬ್ಬ ಕೂಲಿಕಾರ ಜ್ವರ ಮುಚ್ಚಿಟ್ಟರೆ, ಅವನ ಕೋಣೆಯಲ್ಲಿ ಮಲಗುವವರೆಲ್ಲರಿಗೂ ಅಪಾಯ.

ಹಿಂದಿನ ವರ್ಷ ಸುಮಾರು 25 ಲಕ್ಷ ಮಂದಿ ನೆರೆದಿದ್ದ ಹಜ್ಜ್‌ಗೆ ಆ ವರ್ಷ ಸೌದಿಯಲ್ಲೇ ಇದ್ದ ಸುಮಾರು ಸಾವಿರ ಮಂದಿಗಷ್ಟೇ ಅವಕಾಶ. ಕಅಬಾವನ್ನು ಮುಟ್ಟುವಂತಿರಲಿಲ್ಲ. ಜಮ್ರಾಗಳಿಗೆ ಎಸೆಯುವ ಕಲ್ಲುಗಳನ್ನೂ ಸೋಂಕು ತೆಗೆದು ಪೊಟ್ಟಣದಲ್ಲಿ ಕೊಟ್ಟರು. ವರ್ಷಗಟ್ಟಲೆ ಹಣ ಕೂಡಿಟ್ಟಿದ್ದ ನಮ್ಮ ರಾಜ್ಯದ ಹಿರಿಯರೂ ಮನೆಯಲ್ಲೇ ಉಳಿದರು. ಮರುವರ್ಷವೂ ಅವರಿಗೆ ಬಾಗಿಲು ತೆರೆಯಲಿಲ್ಲ. ಕೆಲವರು ಆ ಆಸೆಯೊಂದಿಗೇ ಅಲ್ಲಾಹನೆಡೆಗೆ ಮರಳಿದರು.

ಜೀವ ಉಳಿಸಲು ಬಾಗಿಲು ಮುಚ್ಚಬೇಕಾದೀತು. ಆದರೆ ಒಳಗಿರುವವನಿಗೆ ಅನ್ನ, ಔಷಧಿ ತಲುಪಿಸುವುದೂ ಮುಚ್ಚಿದವರದೇ ಹೊಣೆ. ನಮ್ಮ ಮೊಹಲ್ಲಾದಲ್ಲಿ ಮುಂದೆಂದಾದರೂ ಅಂಥ ದಿನ ಬಂದರೆ ನಾವು ಇವೆರಡನ್ನೂ ಒಟ್ಟಿಗೇ ನೆನೆಯೋಣ.