ಹಬ್ಬ ಯಾರದು?

ಇತಿಹಾಸದ ಪುಸ್ತಕಗಳಲ್ಲಿ ಗದಗ ಸೀಮೆಯ ಸೊರಟೂರಿನ ಹೆಸರು ಬರುವುದು ಒಂದು ಕಾಳಗದ ನಿಮಿತ್ತವಾಗಿ. 12ನೆಯ ಶತಮಾನದ ಕೊನೆಗೆ ಹೊಯ್ಸಳ ಇಮ್ಮಡಿ ಬಲ್ಲಾಳನು ಸೇವುಣರ ಭಿಲ್ಲಮನನ್ನು ಇಲ್ಲಿ ಸೋಲಿಸಿದನು. ದಂಡು ಬಂದಿತು, ಗೆದ್ದಿತು, ಹೋಯಿತು. ಆದರೆ ನಾಡಿನ ಬಾಳಿಗೆ ಬಣ್ಣ ಕೊಟ್ಟವರು ಹೀಗೆ ಬಂದು ಹೋದವರಲ್ಲ, ಬಂದು ನಿಂತವರು. ಇದನ್ನು ಅರಿಯಬೇಕಾದರೆ ಈ ಭಾಗದ ಹಳ್ಳಿಗಳ ಮೊಹರಮ್ ಹಬ್ಬವನ್ನು ನೋಡಬೇಕು.

ಮೊನ್ನೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಕೇಳಿದ: “ಅದು ಅವರ ಹಬ್ಬ ಅಲ್ಲೇನ್ರೀ ಸರ? ನಮ್ಮವರು ಯಾಕ ಮಾಡಬೇಕು?” ಪ್ರಶ್ನೆ ಸಣ್ಣದಲ್ಲ.

ಕ್ರಿ. ಶ. 680ರಲ್ಲಿ ಕರ್ಬಲೆಯ ಬಯಲಿನಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ಮಡಿದರು. ಆ ಶೋಕದ ನೆನಪೇ ಮೊಹರಮ್. ವಿಜಾಪುರದ ಆದಿಲಶಾಹಿಗಳ ಆಳಿಕೆ ಈ ಸೀಮೆಗೂ ಹಬ್ಬಿತ್ತು; ಲಕ್ಷ್ಮೇಶ್ವರದ ಜುಮ್ಮಾ ಮಸೀದಿ ಆ ಕಾಲದ್ದೇ. ಆದರೆ ಮೊಹರಮ್ಮನ್ನು ಊರ ಹಬ್ಬವನ್ನಾಗಿ ಮಾಡಿದವರು ಅರಸರಲ್ಲ. ಅಲಾಯಿ ಕುಣಿ ತೋಡುವವರು, ಅದರ ಸುತ್ತ ಹೆಜ್ಜೆ ಹಾಕುವವರು, ಹರಕೆ ಹೊತ್ತು ಸಕ್ಕರೆ ಓದಿಸುವವರು, ಮನೆಯಲ್ಲಿ ಚೊಂಗೆ ಮಾಡುವವರು, ಇವರು ಮಾಡಿದರು. ಇವರಲ್ಲಿ ಎಲ್ಲ ಜಾತಿಯವರೂ ಉಂಟು. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಸಹ ಪಂಜಾ ಕೂಡ್ರಿಸುವುದು ಉತ್ತರ ಕರ್ನಾಟಕದಲ್ಲಿ ಹೊಸತಲ್ಲ. ನಾನು ಚಿಕ್ಕವನಿದ್ದಾಗ ಜಡ್ಡಿನಲ್ಲಿ ಬಿದ್ದೆನೆಂದು ನಮ್ಮವ್ವ ಹರಕೆ ಹೊತ್ತು, ಕೊರಳಿಗೆ ಲಾಡಿ ಹಾಕಿಸಿ, ನನ್ನನ್ನು ಫಕೀರನನ್ನಾಗಿ ಮಾಡಿದ್ದಳು.

ಪರದೇಶದ ಈ ಕಥೆ ರಿವಾಯತ ಪದಗಳ ಮೂಲಕ ಅಚ್ಚ ಕನ್ನಡದ ಹಾಡಾಯಿತು. ಶಿಶುವಿನಹಾಳದ ಶರೀಫ ಸಾಹೇಬರು (1819–1889) ಅಂಥ ಪದಗಳನ್ನು ಕಟ್ಟಿದರು. ಅವರ ಗುರುಗಳು ಕಳಸದ ಗೋವಿಂದಭಟ್ಟರು.

ಇಂಥದೇ ಕೂಡುವಿಕೆಯನ್ನು ಕಡಲಾಚೆಯ ಟ್ರಿನಿಡಾಡ್ ದ್ವೀಪದಲ್ಲಿಯೂ ಕಾಣಬಹುದು. ಗುಲಾಮಗಿರಿ ನಿಂತ ಮೇಲೆ ಅಲ್ಲಿಯ ಕಬ್ಬಿನ ತೋಟಗಳಿಗೆ 1845ರಿಂದ 1917ರವರೆಗೆ ಭಾರತದಿಂದ ಲಕ್ಷಕ್ಕೂ ಮಿಕ್ಕಿ ಕೂಲಿಗಳನ್ನು ಕರಾರಿನ ಮೇಲೆ ಒಯ್ದರು. ಅವರೊಡನೆ ಮೊಹರಮ್ ಹೋಯಿತು. ಹುಸೇನರ ಹೆಸರಿನಿಂದ ಅಲ್ಲಿ ‘ಹೊಸೆ’ ಎನಿಸಿತು. ನಮ್ಮ ತಾಸೆಯೂ ಹೋಗಿ ‘ಟಾಸಾ’ ಆಯಿತು. ಹಿಂದೂಗಳು ಮೆರವಣಿಗೆಯಲ್ಲಿ ನಡೆದರು. ಆಫ್ರಿಕದಿಂದ ಗುಲಾಮರಾಗಿ ಬಂದವರ ಮಕ್ಕಳು ಅದೇ ವಾದ್ಯಕ್ಕೆ ಕೈ ಹಚ್ಚಿದರು.

ಕೂಡಿದ ಜನವನ್ನು ಕಂಡು ವಸಾಹತಿನ ಸರಕಾರ ಅಂಜಿತು. ಮೆರವಣಿಗೆ ಪಟ್ಟಣ ಹೊಗಬಾರದೆಂದು ಅಪ್ಪಣೆ ಮಾಡಿತು. ಜನ ಕೇಳಲಿಲ್ಲ. 1884ರ ಅಕ್ಟೋಬರ 30ರಂದು ಸ್ಯಾನ್ ಫರ್ನಾಂಡೋದಲ್ಲಿ ಗುಂಡು ಹಾರಿದವು. ಹುಸೇನರ ಮೆರವಣಿಗೆಯಲ್ಲಿ ಮಡಿದವರಲ್ಲಿ ಹಿಂದೂಗಳೂ ಇದ್ದರು. ಆ ಹೊತ್ತಿನಲ್ಲಿ ‘ಇದು ಯಾರ ಹಬ್ಬ’ ಎಂದು ವಿಂಗಡಿಸುವುದು ಯಾರಿಂದ ಸಾಧ್ಯವಿತ್ತು? ಹೊಸೆ ಅಲ್ಲಿ ಇಂದಿಗೂ ನಡೆದಿದೆ.

ವಿದ್ಯಾರ್ಥಿಗೆ ಇದನ್ನೆಲ್ಲ ನಾನು ಹೇಳಲಿಲ್ಲ. “ಊರಿಗೆ ಹೋದಾಗ ನಿಮ್ಮ ಅಜ್ಜಿಯನ್ನು ಕೇಳು” ಎಂದೆ. ಮರುವಾರ ಬಂದು, ತಲೆ ತಗ್ಗಿಸಿ ಹೇಳಿದ: “ನಾ ಹುಟ್ಟಲಿ ಅಂತ ನಮ್ಮಜ್ಜಿ ಐದು ವರ್ಷ ಸಕ್ಕರಿ ಓದಿಸಿದ್ದಳಂತರೀ.”